ತಾನಾಗಿ ತೆರೆದುಕೊಳ್ಳುವ ಹಳೆಯ ಟೀಮ್ಸ್: ಬಂದ್ ಮಾಡುವ ಬಗೆ

ಆದೋನಿ: ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ, ಕರೆಯದೇ ಬಂದು ಕೂರುವ ನೆಂಟನಂತೆ ತೆರೆಯ ಮೇಲೆ ನೇರಳೆ ಬಣ್ಣದ ಕಿಟಕಿಯೊಂದು ಮೂಡುತ್ತದೆ. ಅದು ಕೆಲಸವನ್ನೂ ಮಾಡುವುದಿಲ್ಲ, ಸುಮ್ಮನೆ ಹೋಗುವುದೂ ಇಲ್ಲ. 'ಈ ಆವೃತ್ತಿ ಇನ್ನು ನಡೆಯುವುದಿಲ್ಲ, ಹೊಸದನ್ನು ಹಾಕಿಕೊಳ್ಳಿ' ಎಂಬ ಅರ್ಥದ ಇಂಗ್ಲಿಷ್ ಸಂದೇಶ ತೋರಿಸಿ ನಿಂತುಬಿಡುತ್ತದೆ. ಮುಚ್ಚಿದರೆ ಮರುದಿನ ಬೆಳಿಗ್ಗೆ ಮತ್ತೆ ಹಾಜರ್. ಇದು ಮೈಕ್ರೋಸಾಫ್ಟ್ ಕಂಪನಿಯ ಕಚೇರಿ ಹರಟೆ ತಂತ್ರಾಂಶವಾದ ಟೀಮ್ಸ್‌ನ ಹಳೆಯ ಆವೃತ್ತಿ. ಇದಕ್ಕೆ 'ಕ್ಲಾಸಿಕ್ ಟೀಮ್ಸ್' ಎಂದು ಹೆಸರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು, ಹೈದರಾಬಾದುಗಳಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಹುಡುಗ ಹುಡುಗಿಯರು ಕಂಪನಿಯ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದರು. ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು ಕಡೆಯ ಮನೆಗಳಿಗೆ ಇಂಥ ಕಚೇರಿ ತಂತ್ರಾಂಶಗಳು ಕಾಲಿಟ್ಟಿದ್ದು ಹಾಗೆ. ಆಮೇಲೆ ಆನ್‌ಲೈನ್ ಪಾಠ, ಆನ್‌ಲೈನ್ ಸಂದರ್ಶನ ಎಂದು ಮನೆಯ ಕಂಪ್ಯೂಟರುಗಳಿಗೂ ಇಳಿದವು. (ಆದೋನಿಯ ಹತ್ತಿ ಮಾರುಕಟ್ಟೆಯ ದಲ್ಲಾಳಿಗಳಿಗೆ ವಾಟ್ಸಾಪ್ ಸಾಕು, ಅವರಿಗೆ ಈ ತಲೆನೋವಿಲ್ಲ.) ಕೆಲಸ ಬದಲಾಯಿತು, ಪಾಠ ಮುಗಿಯಿತು, ತಂತ್ರಾಂಶ ಮಾತ್ರ ಹಾರ್ಡ್ ಡಿಸ್ಕಿನಲ್ಲೇ ಉಳಿದುಕೊಂಡಿದೆ.

ಹೋಗಲಿ ಬಿಡಿ ಎನ್ನುವಂತಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಬೆಳಗಿನ ಹಾಜರಿ ಎಂದರೆ ಟೀಮ್ಸ್‌ನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುವುದು. ಹಳೆಯದೂ ಹೊಸದೂ ಎರಡೂ ಇರುವ ಕಂಪ್ಯೂಟರಿನಲ್ಲಿ ಅವಸರದಲ್ಲಿ ಹಳೆಯದರ ಮೇಲೆ ಒತ್ತಿ, ಅದು ತೆರೆಯುವುದನ್ನು ಕಾಯುತ್ತ ಕೂತರೆ, ಅತ್ತ ಬೆಂಗಳೂರಿನ ಮೇಲಧಿಕಾರಿಗೆ ನೀವು ಇನ್ನೂ ಎದ್ದೇ ಇಲ್ಲವೆಂದು ತೋರುತ್ತದೆ. ಎರಡನೆಯದಾಗಿ, ಬೆಂಬಲ ನಿಂತ ತಂತ್ರಾಂಶಕ್ಕೆ ಸುರಕ್ಷತೆಯ ತೇಪೆ ಬರುವುದಿಲ್ಲ. 4 ಜಿಬಿ ರ್‍ಯಾಮ್‌ನ ಹಳೆಯ ಯಂತ್ರದಲ್ಲಿ ಇದೊಂದು ಸುಮ್ಮನೆ ಹೊತ್ತ ಭಾರ ಕೂಡ.

ಹಳೆಯದು ಯಾವುದು, ಹೊಸದು ಯಾವುದು

ಟೀಮ್ಸ್ ಅನ್ನು ಮೈಕ್ರೋಸಾಫ್ಟ್ 2016ರ ನವೆಂಬರ್‌ನಲ್ಲಿ ಘೋಷಿಸಿ, 2017ರ ಮಾರ್ಚ್‌ನಲ್ಲಿ ಎಲ್ಲೆಡೆ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ ಕಚೇರಿಗಳಲ್ಲಿದ್ದ ಸ್ಕೈಪ್ ಫಾರ್ ಬಿಸಿನೆಸ್ ಆನ್‌ಲೈನ್ ಸೇವೆ 2021ರ ಜುಲೈ 31ರಂದು ನಿಂತಿತು. ಮೊದಲ ಟೀಮ್ಸ್ ಕಟ್ಟಿದ್ದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ. ಅಂದರೆ ಒಂದು ಇಡೀ ಬ್ರೌಸರನ್ನೇ ಹೊಟ್ಟೆಯೊಳಗೆ ಇಟ್ಟುಕೊಂಡ ತಂತ್ರಾಂಶ. ನಿಧಾನ ಎಂಬ ದೂರು ಮೊದಲಿನಿಂದಲೂ ಇತ್ತು. 2023ರ ಮಾರ್ಚ್‌ನಲ್ಲಿ ಹೊಸ ಟೀಮ್ಸ್‌ನ ಪರೀಕ್ಷಾ ಆವೃತ್ತಿ ಬಂತು. ಅದು ಎರಡು ಪಟ್ಟು ವೇಗ, ಅರ್ಧದಷ್ಟೇ ಮೆಮೊರಿ ಸಾಕು ಎಂದು ಕಂಪನಿ ಹೇಳಿಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಸಿಕ್ಕಿತು.

ಹಳೆಯದಕ್ಕೆ ಬೆಂಬಲ 2024ರ ಜುಲೈ 1ಕ್ಕೆ ಮುಗಿಯಿತು. ವಿಂಡೋಸ್ 7, 8 ಮತ್ತು 8.1ರಲ್ಲಿ ಅದು ಅದೇ ವರ್ಷ ಅಕ್ಟೋಬರ್ 23ಕ್ಕೆ ಪೂರ್ತಿ ನಿಂತಿತು. ಉಳಿದವರಿಗೆ 2025ರ ಜುಲೈ 1 ಕೊನೆಯ ದಿನವಾಗಿತ್ತು. ಹಾಗಾಗಿ ಈಗ ಯಾರ ಕಂಪ್ಯೂಟರಿನಲ್ಲಾದರೂ ಕ್ಲಾಸಿಕ್ ಟೀಮ್ಸ್ ಇದ್ದರೆ ಅದು ಜೀವವಿಲ್ಲದ ಗೊಂಬೆ.

ಇಂಥ ಕಾಟ ಹೊಸದೇನಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ವಿಂಡೋಸ್ ಮೆಸೆಂಜರ್ ನೆನಪಿರಬೇಕು. ಗಡಿಯಾರದ ಪಕ್ಕ ಇಬ್ಬರು ಪುಟ್ಟ ಗೊಂಬೆಯಂಥ ಮನುಷ್ಯರು ನಿಂತಿರುತ್ತಿದ್ದರು. ಮುಚ್ಚಿದರೂ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದೊಡನೆ ಮತ್ತೆ ಏಳುತ್ತಿತ್ತು. ಅದನ್ನು ಓಡಿಸುವ ಉಪಾಯಗಳು ಆಗಿನ ಕಂಪ್ಯೂಟರ್ ಪತ್ರಿಕೆಗಳ ನಿತ್ಯದ ಸರಕು.

ಗುರುತು ಹಿಡಿಯುವುದು

ತೊಡಕು ಇರುವುದು ಇಲ್ಲೇ. ಎರಡರ ಹೆಸರೂ 'ಮೈಕ್ರೋಸಾಫ್ಟ್ ಟೀಮ್ಸ್', ಎರಡರ ಚಿಹ್ನೆಯೂ ನೇರಳೆ. ಕೆಲವು ಕಂಪ್ಯೂಟರುಗಳಲ್ಲಿ ಹಳೆಯದರ ಹೆಸರಿನ ಜತೆ 'ಕ್ಲಾಸಿಕ್' ಎಂದು ಬರೆದಿರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಹೊಸದನ್ನೇ ಕಿತ್ತುಹಾಕಿ ಹಳೆಯದನ್ನು ಉಳಿಸಿಕೊಂಡರೆ ಕೆಲಸ ಕೆಟ್ಟಿತು. ಅದಕ್ಕೆ ಮೊದಲು ಖಾತ್ರಿ ಮಾಡಿಕೊಳ್ಳಿ.

ಸುಲಭದ ಗುರುತು ಆವೃತ್ತಿ ಸಂಖ್ಯೆ. ಸೆಟ್ಟಿಂಗ್ಸ್ ತೆರೆದು ಆಪ್ಸ್ ವಿಭಾಗಕ್ಕೆ ಹೋಗಿ. ವಿಂಡೋಸ್ 10ರಲ್ಲಿ 'ಆಪ್ಸ್ ಅಂಡ್ ಫೀಚರ್ಸ್', ವಿಂಡೋಸ್ 11ರಲ್ಲಿ 'ಇನ್‌ಸ್ಟಾಲ್ಡ್ ಆಪ್ಸ್' ಎಂಬ ಪಟ್ಟಿ ಇರುತ್ತದೆ. ಹುಡುಕುವ ಜಾಗದಲ್ಲಿ ಟೀಮ್ಸ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಕಾಣುವ ಹೆಸರಿನ ಸಂಖ್ಯೆ 1 ಮತ್ತು ಚುಕ್ಕೆಯಿಂದ ಶುರುವಾದರೆ, ಉದಾಹರಣೆಗೆ 1.6 ಅಥವಾ 1.7, ಅದು ಹಳೆಯದು. ಹೊಸದರ ಸಂಖ್ಯೆ 23, 24, 25 ಹೀಗೆ ವರ್ಷದ ಕೊನೆಯ ಎರಡು ಅಂಕಿಗಳಿಂದ ಶುರುವಾಗುವ ಉದ್ದನೆಯ ಸಂಖ್ಯೆ.

ಇನ್ನೊಂದು ಗುರುತು ಕಡತದ ಹೆಸರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಡೀಟೇಲ್ಸ್ ಪಟ್ಟಿಯಲ್ಲಿ ಬರೇ 'ಟೀಮ್ಸ್ ಡಾಟ್ ಇಎಕ್ಸ್‌ಇ' ಓಡುತ್ತಿದ್ದರೆ ಹಳೆಯದು. ಮುಂದೆ ಎಂಎಸ್ ಎಂಬ ಎರಡು ಅಕ್ಷರ ಮತ್ತು ಅಡ್ಡಗೆರೆ ಇದ್ದು 'ಎಂಎಸ್-ಟೀಮ್ಸ್ ಡಾಟ್ ಇಎಕ್ಸ್‌ಇ' ಎಂದಿದ್ದರೆ ಹೊಸದು.

ಮೊದಲು ಏಳದಂತೆ ಮಾಡಿ

ಹಳೆಯ ಟೀಮ್ಸ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅದರ ಸೆಟ್ಟಿಂಗ್ಸ್ ಒಳಗೆ 'ಆಟೋ-ಸ್ಟಾರ್ಟ್ ಅಪ್ಲಿಕೇಶನ್' ಎಂಬ ಗುರುತು ತೆಗೆದರೆ ಸಾಕಿತ್ತು. ಈಗ ಒಳಗೇ ಬಿಡುವುದಿಲ್ಲವಾದ್ದರಿಂದ ಆ ದಾರಿ ಮುಚ್ಚಿದೆ. ಹೊರಗಿನಿಂದಲೇ ತಡೆಯಬೇಕು.

ಟಾಸ್ಕ್ ಮ್ಯಾನೇಜರ್ ತೆರೆಯಿರಿ. ವಿಂಡೋಸ್ 10ರಲ್ಲಿ ಅದು ಚಿಕ್ಕದಾಗಿ ತೆರೆದರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ, ಮೇಲಿನ ಸಾಲಿನ 'ಸ್ಟಾರ್ಟಪ್' ಆರಿಸಿ. ವಿಂಡೋಸ್ 11ರಲ್ಲಿ ಎಡಬದಿಯ ಪಟ್ಟಿಯಲ್ಲಿ 'ಸ್ಟಾರ್ಟಪ್ ಆಪ್ಸ್' ಇದೆ. ಕಂಪ್ಯೂಟರ್ ಚಾಲೂ ಆದಾಗ ತಾನಾಗಿ ಏಳುವ ಎಲ್ಲ ತಂತ್ರಾಂಶಗಳ ಪಟ್ಟಿ ಅಲ್ಲಿರುತ್ತದೆ. ಟೀಮ್ಸ್ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಓಪನ್ ಫೈಲ್ ಲೊಕೇಶನ್' ನೋಡಿ. ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಟೀಮ್ಸ್ ಎಂಬ ಒಂದರೊಳಗೊಂದು ಕಡತಕೋಶಗಳಿಗೆ ಕರೆದೊಯ್ದರೆ ಅದೇ ನಮಗೆ ಬೇಕಾದ ಕಳ್ಳ. ಪಟ್ಟಿಗೆ ಮರಳಿ ಅದನ್ನು 'ಡಿಸೇಬಲ್' ಮಾಡಿ.

ಡಿಸೇಬಲ್ ಎಂದರೆ ಅಳಿಸುವುದಲ್ಲ, ತಾನಾಗಿ ಏಳಬೇಡ ಎಂದು ಹೇಳುವುದಷ್ಟೆ. ಬೇಕೆನಿಸಿದರೆ ಅಲ್ಲೇ 'ಎನೇಬಲ್' ಒತ್ತಿ ಮೊದಲಿನಂತೆ ಮಾಡಬಹುದು. ಹಾಗಾಗಿ ಹೆದರದೆ ಮಾಡಬಹುದಾದ ಕೆಲಸ ಇದು. ಸ್ಕೈಪ್, ವಾಟ್ಸಾಪ್ ಮುಂತಾದವುಗಳನ್ನೂ ಇದೇ ಪಟ್ಟಿಯಲ್ಲಿ ತಡೆಯಬಹುದು. ಅಂದಹಾಗೆ ಮನೆಬಳಕೆಯ ಸ್ಕೈಪ್ 2025ರ ಮೇ 5ರಂದು ನಿಂತುಹೋಗಿದೆ. ಅಮೆರಿಕ, ದುಬೈಗಳಲ್ಲಿರುವ ಮಕ್ಕಳ ಜತೆ ಮಾತಿಗೆಂದು ಅದನ್ನು ಹಾಕಿಕೊಂಡವರು ಈಗ ತೆಗೆದುಹಾಕಿದರೆ ನಷ್ಟವಿಲ್ಲ.

ವಿಂಡೋಸ್ 7ರಲ್ಲಿ ಟಾಸ್ಕ್ ಮ್ಯಾನೇಜರಿನಲ್ಲಿ ಈ ಪಟ್ಟಿ ಇಲ್ಲ. ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, 'ಎಂಎಸ್‌ಕಾನ್ಫಿಗ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ಸಿಗುವ ಕಿಟಕಿಯಲ್ಲಿ ಸ್ಟಾರ್ಟಪ್ ಇದೆ.

ರಿಜಿಸ್ಟ್ರಿ ಎಂಬ ಒಳಕೋಣೆಗೆ ಹೋಗಿ ನೋಡುವ ಅಭ್ಯಾಸವಿದ್ದವರಿಗೆ 'ರನ್' ಎಂಬ ಕೀಲಿಯಡಿ 'ಕಾಮ್ ಡಾಟ್ ಸ್ಕ್ವಿರೆಲ್ ಡಾಟ್ ಟೀಮ್ಸ್ ಡಾಟ್ ಟೀಮ್ಸ್' ಎಂಬ ವಿಚಿತ್ರ ಹೆಸರು ಕಾಣುತ್ತದೆ. ಇದು ವೈರಸ್ ಅಲ್ಲ. ಹಳೆಯ ಟೀಮ್ಸ್ ತನ್ನನ್ನು ಸ್ಥಾಪಿಸಿಕೊಳ್ಳಲು, ಪರಿಷ್ಕರಿಸಿಕೊಳ್ಳಲು ಬಳಸುತ್ತಿದ್ದ ಸಲಕರಣೆಯ ಹೆಸರೇ ಸ್ಕ್ವಿರೆಲ್, ಅಂದರೆ ಅಳಿಲು. ಸೇತುವೆ ಕಟ್ಟಿದ ಮೇಲೂ ಮರಳು ಹೊರುತ್ತಲೇ ಇರುವ ಅಳಿಲು ಸೇವೆ ಇದು. ಅಭ್ಯಾಸವಿಲ್ಲದವರು ರಿಜಿಸ್ಟ್ರಿಗೆ ಕೈ ಹಾಕುವ ಅಗತ್ಯವಿಲ್ಲ, ಟಾಸ್ಕ್ ಮ್ಯಾನೇಜರ್ ಸಾಕು.

ತೆಗೆದರೂ ಮತ್ತೆ ಬರುವುದೇಕೆ

ಹೆಚ್ಚಿನವರು ಸೋಲುವುದು ಇಲ್ಲಿ. ಟೀಮ್ಸ್ ಅನ್ನು ಅನ್‌ಇನ್‌ಸ್ಟಾಲ್ ಮಾಡುತ್ತಾರೆ, ಕೆಲವು ದಿನಗಳಾದ ಮೇಲೆ ಮನೆಯ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಲಾಗಿನ್ ಆದಾಗ ಅದು ಮತ್ತೆ ಎದ್ದು ಕೂರುತ್ತದೆ. ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಎನ್ನುವಂತೆ ತೋರಿದರೂ ಕಾರಣ ಸರಳ.

ಸಾಮಾನ್ಯ ತಂತ್ರಾಂಶಗಳು ಒಂದು ಕಂಪ್ಯೂಟರಿಗೆ ಒಂದೇ ಸಲ ಸ್ಥಾಪನೆಯಾಗುತ್ತವೆ. ಹಳೆಯ ಟೀಮ್ಸ್ ಹಾಗಲ್ಲ, ಅದು ಪ್ರತಿ ಬಳಕೆದಾರನ ಖಾತೆಯೊಳಗೆ ಬೇರೆ ಬೇರೆಯಾಗಿ ಕೂರುತ್ತಿತ್ತು. ಒಂದೇ ಯಂತ್ರದಲ್ಲಿ ನಾಲ್ವರ ಖಾತೆಗಳಿದ್ದರೆ ನಾಲ್ಕು ಪ್ರತಿಗಳು. ಕಂಪನಿಗಳ ಐಟಿ ವಿಭಾಗಕ್ಕೆ ಒಬ್ಬೊಬ್ಬರಿಗೂ ಹೋಗಿ ಹಾಕಿಕೊಡುವುದು ಆಗದ ಮಾತು. ಅದಕ್ಕೆಂದು 'ಟೀಮ್ಸ್ ಮೆಷಿನ್-ವೈಡ್ ಇನ್‌ಸ್ಟಾಲರ್' ಎಂಬ ಇನ್ನೊಂದು ಭಾಗವಿತ್ತು. ಅದು ಟೀಮ್ಸ್ ಅಲ್ಲ, ಟೀಮ್ಸ್‌ನ ಬೀಜ. ಪ್ರೋಗ್ರಾಂ ಫೈಲ್ಸ್ ಕೋಶದಲ್ಲಿ ಕೂತು, ಯಾರಾದರೂ ಹೊಸ ಖಾತೆಯಲ್ಲಿ ಲಾಗಿನ್ ಆದೊಡನೆ ಅವರ ಬಳಿ ಟೀಮ್ಸ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ತಾನೇ ಹಾಕುತ್ತದೆ. ಕಳೆ ಕಿತ್ತು ಬೇರು ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಚಿಗುರುವುದು ಹೊಲ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಅದೇ ಆಪ್ಸ್ ಪಟ್ಟಿಯಲ್ಲಿ ಮೊದಲು ಮೆಷಿನ್-ವೈಡ್ ಇನ್‌ಸ್ಟಾಲರ್ ತೆಗೆಯಿರಿ. ಇದಕ್ಕೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಬಹುದು. ಆಮೇಲೆ 1.ರಿಂದ ಶುರುವಾಗುವ ಆವೃತ್ತಿಯ ಟೀಮ್ಸ್ ತೆಗೆಯಿರಿ. ಕಂಪ್ಯೂಟರಿನಲ್ಲಿ ಬೇರೆಯವರ ಖಾತೆಗಳಿದ್ದರೆ ಅವುಗಳಲ್ಲೂ ಲಾಗಿನ್ ಆಗಿ ಒಮ್ಮೆ ನೋಡಿ, ಅಲ್ಲಿನ ಪ್ರತಿಯನ್ನೂ ತೆಗೆಯಬೇಕಾದೀತು. ಶಾಲೆಯ ಕಂಪ್ಯೂಟರ್ ಕೋಣೆ, ಇಂಟರ್‌ನೆಟ್ ಅಂಗಡಿಗಳಂಥ ಹಂಚಿಕೊಂಡ ಯಂತ್ರಗಳಲ್ಲಿ ಈ ಮಾತು ಮುಖ್ಯ. ಅದೇ ಪಟ್ಟಿಯಲ್ಲಿ 'ಟೀಮ್ಸ್ ಮೀಟಿಂಗ್ ಆಡ್-ಇನ್' ಎಂಬುದು ಕಂಡರೆ ಮುಟ್ಟಬೇಡಿ. ಔಟ್‌ಲುಕ್‌ನಲ್ಲಿ ಸಭೆ ಗೊತ್ತುಮಾಡಲು ಹೊಸ ಟೀಮ್ಸ್ ಅದನ್ನು ಬಳಸುತ್ತದೆ.

ಎಲ್ಲ ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ. ಷಟ್‌ಡೌನ್ ಅಲ್ಲ, ರೀಸ್ಟಾರ್ಟ್. ಈಗಿನ ವಿಂಡೋಸ್ ಷಟ್‌ಡೌನ್ ಆದಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಉಳಿಸಿಟ್ಟುಕೊಂಡು ಬೇಗ ಏಳುತ್ತದೆ, ರೀಸ್ಟಾರ್ಟ್‌ನಲ್ಲಿ ಮಾತ್ರ ಪೂರ್ತಿ ಹೊಸದಾಗಿ ಶುರುವಾಗುತ್ತದೆ. ಇನ್ನೊಂದು ಕಡೆಯೂ ಕಣ್ಣಾಡಿಸಿ: ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ 'ಸೈನ್-ಇನ್ ಆಪ್ಷನ್ಸ್' ಎಂದಿದೆ. ಹಿಂದಿನ ಸಲ ತೆರೆದಿದ್ದ ತಂತ್ರಾಂಶಗಳನ್ನು ಮತ್ತೆ ತೆರೆಯಬೇಕೇ ಎಂಬ ಗುಂಡಿ ಅಲ್ಲಿರುತ್ತದೆ. ಬೇಡವಾದರೆ ಅದನ್ನು ಬಂದ್ ಮಾಡಿ.

ಎಸ್.ಪಿ. ರಸ್ತೆಯಿಂದ ಬಂದ ಲ್ಯಾಪ್‌ಟಾಪುಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲೋ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನಮ್ಮ ಕಡೆ ಓದುವ ಮಕ್ಕಳ ಕೈಯಲ್ಲಿ ಕಾಣುವುದುಂಟು. ಇಂಥವುಗಳಲ್ಲಿ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳೂ ಇರುತ್ತವೆ. ಡಿಸ್ಕನ್ನು ಸರಿಯಾಗಿ ಅಳಿಸದೆ ಮಾರಿದ್ದರೆ ಕಂಪನಿಯ ಕಾಲದ ಮೆಷಿನ್-ವೈಡ್ ಇನ್‌ಸ್ಟಾಲರ್ ಕೂಡ ಜತೆಯಲ್ಲೇ ಬರುತ್ತದೆ. ಟೀಮ್ಸ್ ಎಂದರೇನೆಂದೇ ಗೊತ್ತಿಲ್ಲದ ಮನೆಯಲ್ಲೂ ಅದು ಏಳಲು ಇದೊಂದು ಕಾರಣ.

ಇಂಥ ಯಂತ್ರದಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, 'ಆಕ್ಸೆಸ್ ವರ್ಕ್ ಆರ್ ಸ್ಕೂಲ್' ಎಂಬಲ್ಲಿ ನೋಡಿ. ಅಲ್ಲಿ ಗುರುತಿಲ್ಲದ ಯಾವುದೋ ಸಂಸ್ಥೆಯ ಖಾತೆ ಇದ್ದರೆ ಟೀಮ್ಸ್ ಒಂದೇ ಸಮಸ್ಯೆಯಲ್ಲ. ಆ ಯಂತ್ರ ಇನ್ನೂ ಆ ಸಂಸ್ಥೆಯ ಹತೋಟಿಯಲ್ಲಿ ಇರಬಹುದು. ಮಾರಿದವನನ್ನು ಕೇಳಿ, ವಿಂಡೋಸ್ ಅನ್ನು ಹೊಸದಾಗಿ ಹಾಕಿಸಿಕೊಳ್ಳುವುದೇ ಸರಿ. ಹಳೆಯ ಟೀಮ್ಸ್ ಅದರೊಂದಿಗೇ ಹೋಗುತ್ತದೆ.

ನೀವು ಬಳಸುತ್ತಿರುವುದು ಈಗಿನ ಕಂಪನಿಯದೇ ಲ್ಯಾಪ್‌ಟಾಪ್ ಆದರೆ ಮೇಲೆ ಹೇಳಿದ ಅನ್‌ಇನ್‌ಸ್ಟಾಲ್ ಕೆಲಸಕ್ಕೆ ನೀವಾಗಿ ಇಳಿಯಬೇಡಿ. ಕಂಪನಿಯ ನಿಯಮ ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ. ಐಟಿ ಸಹಾಯವಾಣಿಗೆ 'ಮೆಷಿನ್-ವೈಡ್ ಇನ್‌ಸ್ಟಾಲರ್ ಇನ್ನೂ ಇದೆ' ಎಂದು ಒಂದು ಸಾಲು ಬರೆದರೆ ಅವರಿಗೆ ಅರ್ಥವಾಗುತ್ತದೆ.

ಲಿಂಕ್ ಒತ್ತಿದಾಗ ಹಳೆಯದೇ ತೆರೆದರೆ

ಸ್ಟಾರ್ಟಪ್ ಬಂದ್ ಮಾಡಿದರೂ, ಸಂದರ್ಶನದ ಅಥವಾ ಸಭೆಯ ಲಿಂಕ್ ಒತ್ತಿದಾಗ ಹಳೆಯ ಟೀಮ್ಸ್ ಏಳುವ ಸಂಭವವಿದೆ. ಲಿಂಕ್ ಒತ್ತಿದೊಡನೆ ಬ್ರೌಸರ್ 'ಟೀಮ್ಸ್ ತೆರೆಯಲೇ' ಎಂದು ಕೇಳುತ್ತದೆ. ಆ ಗಳಿಗೆಯಲ್ಲಿ ರದ್ದು ಮಾಡಿ, ಪುಟದಲ್ಲೇ ಇರುವ 'ಕಂಟಿನ್ಯೂ ಆನ್ ದಿಸ್ ಬ್ರೌಸರ್' ಆರಿಸಿ. ಎಡ್ಜ್ ಅಥವಾ ಕ್ರೋಮ್ ಒಳಗೇ ಸಭೆ ನಡೆಯುತ್ತದೆ. ಹತ್ತು ಗಂಟೆಗೆ ಸಂದರ್ಶನ ಇದ್ದು ಒಂಬತ್ತು ಐವತ್ತೈದಕ್ಕೆ ಈ ಕಾಟ ಶುರುವಾದರೆ ನೆನಪಿಡಬೇಕಾದ ದಾರಿ ಇದೊಂದೇ. ಅನ್‌ಇನ್‌ಸ್ಟಾಲ್ ಎಲ್ಲ ಆಮೇಲೆ ನೋಡಿಕೊಳ್ಳಬಹುದು.

ಹಳೆಯ ಸಂದೇಶಗಳ ಗತಿಯೇನು

ತೆಗೆದರೆ ಮಾತುಕತೆಯೆಲ್ಲ ಹೋಗುತ್ತದೆ, ಸಂಬಳದ ಬಗ್ಗೆ ಬರೆದದ್ದು, ರಜೆ ಮಂಜೂರಾದ ಸಂದೇಶ ಎಲ್ಲ ಅಳಿಯುತ್ತವೆ ಎಂಬ ಅಂಜಿಕೆಯಿಂದ ಎಷ್ಟೋ ಮಂದಿ ಹಳೆಯದನ್ನು ಹಾಗೇ ಬಿಟ್ಟಿರುತ್ತಾರೆ. ಆ ಅಂಜಿಕೆ ಬೇಡ. ಟೀಮ್ಸ್ ಸಂದೇಶಗಳು ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಸಂಸ್ಥೆಯ ಖಾತೆಯೊಂದಿಗೆ ಮೈಕ್ರೋಸಾಫ್ಟ್‌ನ ಸರ್ವರುಗಳಲ್ಲಿರುತ್ತವೆ. ಅದೇ ಖಾತೆಯಿಂದ ಹೊಸ ಟೀಮ್ಸ್‌ಗೋ ಬ್ರೌಸರಿಗೋ ಹೋದರೆ ಮೊದಲಿನಂತೆ ಸಿಗುತ್ತವೆ. ಇಳಿಸಿಕೊಂಡ ಕಡತಗಳು ಡೌನ್‌ಲೋಡ್ಸ್ ಕೋಶದಲ್ಲಿ ಉಳಿಯುತ್ತವೆ. ಆದರೆ ಕೆಲಸ ಬಿಟ್ಟ ಮೇಲೆ ಕಂಪನಿ ಖಾತೆಯನ್ನು ಮುಚ್ಚಿದ್ದರೆ, ಹಳೆಯ ಟೀಮ್ಸ್ ಉಳಿಸಿಕೊಂಡೂ ಆ ಸಂದೇಶಗಳು ಸಿಗುವುದಿಲ್ಲ. ಬೇಕಾದದ್ದನ್ನು ಖಾತೆ ಇರುವಾಗಲೇ, ಕಂಪನಿಯ ನಿಯಮ ಒಪ್ಪುವಷ್ಟರ ಮಟ್ಟಿಗೆ, ಉಳಿಸಿಟ್ಟುಕೊಳ್ಳಬೇಕು.

ಹೊಸದನ್ನು ಎಲ್ಲಿಂದ ತರುವುದು

ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಜಾಹೀರಾತನ್ನು ಒತ್ತುವುದು ಅಪಾಯ. ಟೀಮ್ಸ್ ಎಂಬ ಹೆಸರಿನಲ್ಲೇ ನಕಲಿ ಸ್ಥಾಪನಾ ಕಡತಗಳನ್ನು ಹಂಚಿ, ಕಂಪ್ಯೂಟರಿಗೆ ಹಿಂಬಾಗಿಲು ಕೊರೆಯುವ ತಂಡಗಳಿವೆ. ಇಂಥ ನಕಲಿ ಕಡತಗಳಿಗೆ ಸಹಿ ಹಾಕಲು ಬಳಸಿದ್ದ 200ಕ್ಕೂ ಹೆಚ್ಚು ಡಿಜಿಟಲ್ ಪ್ರಮಾಣಪತ್ರಗಳನ್ನು ರದ್ದು ಮಾಡಿದ್ದಾಗಿ ಮೈಕ್ರೋಸಾಫ್ಟ್ 2025ರ ಅಕ್ಟೋಬರ್‌ನಲ್ಲಿ ತಿಳಿಸಿತ್ತು. ಹಳೆಯ ಟೀಮ್ಸ್ ನಿಂತುಹೋಗಿ ಜನ ಹೊಸದನ್ನು ಹುಡುಕುವ ಹೊತ್ತು ಇಂಥವರಿಗೆ ಸುಗ್ಗಿ. ಮೈಕ್ರೋಸಾಫ್ಟ್ ಜಾಲತಾಣದ ವಿಳಾಸವನ್ನು ನೀವೇ ಬರೆದು ಹೋಗಿ, ಅಥವಾ ವಿಂಡೋಸ್‌ನಲ್ಲೇ ಇರುವ ಮೈಕ್ರೋಸಾಫ್ಟ್ ಸ್ಟೋರ್ ತೆರೆದು ಹಾಕಿಕೊಳ್ಳಿ. 'ನಾನು ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇನೆ, ನಿಮ್ಮ ಟೀಮ್ಸ್ ಸರಿ ಮಾಡುತ್ತೇನೆ' ಎಂದು ಫೋನ್ ಬಂದರೆ, ಕನ್ನಡದಲ್ಲಿ ಬರಲಿ ತೆಲುಗಿನಲ್ಲಿ ಬರಲಿ, ಇಟ್ಟುಬಿಡಿ.

ಹೊಸ ಟೀಮ್ಸ್‌ಗೆ ವಿಂಡೋಸ್ 10ರ 2004 ಆವೃತ್ತಿ ಅಥವಾ ಅದಕ್ಕಿಂತ ಈಚಿನದು, ಜತೆಗೆ ಕನಿಷ್ಠ 4 ಜಿಬಿ ರ್‍ಯಾಮ್ ಬೇಕು. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ 'ವಿನ್‌ವರ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ಬೇರೆ ಚಿಂತೆ. ಯಂತ್ರ ತೀರ ಹಳೆಯದಾದರೆ ಹೊಸ ಟೀಮ್ಸ್ ಹಾಕುವ ಹಟ ಬಿಟ್ಟು, ಬ್ರೌಸರಿನಲ್ಲೇ ನಡೆಸುವುದು ಮೇಲು.

ತೆರೆಯ ಭಾಷೆ

1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಗಡಿ ಬದಲಾದರೂ ಇಲ್ಲಿನ ಮನೆಗಳಲ್ಲಿ ಎರಡು ಭಾಷೆ ಉಳಿದವು, ಈಗ ಅದು ಕಂಪ್ಯೂಟರಿಗೂ ಬಂದಿದೆ. ವಿಂಡೋಸ್‌ನ ತೆರೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಇಟ್ಟುಕೊಳ್ಳಬಹುದು. ಹಾಗೆ ಇಟ್ಟುಕೊಂಡ ಮನೆಯವರಿಗೆ ಬೆಂಗಳೂರಿನ ಐಟಿಯವರು ಫೋನಿನಲ್ಲಿ 'ಸ್ಟಾರ್ಟಪ್ ಒತ್ತಿ, ಡಿಸೇಬಲ್ ಒತ್ತಿ' ಎಂದರೆ ಆ ಪದಗಳೇ ತೆರೆಯ ಮೇಲೆ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಸೆಟ್ಟಿಂಗ್ಸ್‌ನ 'ಟೈಮ್ ಅಂಡ್ ಲ್ಯಾಂಗ್ವೇಜ್' ವಿಭಾಗದಲ್ಲಿ ತೆರೆಯ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಕೆಲಸ ಮುಗಿದ ಮೇಲೆ ಮತ್ತೆ ನಿಮ್ಮ ಭಾಷೆಗೆ ತಿರುಗಿಸಬಹುದು. ಬದಲಿಸಲು ಪುರುಸೊತ್ತಿಲ್ಲದಿದ್ದರೆ, ಪಟ್ಟಿಗಳಲ್ಲಿ ಸಾಲುಗಳ ಕ್ರಮ ಹೆಚ್ಚುಕಡಿಮೆ ಅದೇ ಇರುವುದರಿಂದ 'ಮೇಲಿನಿಂದ ಎಷ್ಟನೆಯದು' ಎಂದು ಕೇಳಿಕೊಂಡು ನಡೆಯಬಹುದು.

ಆಪಲ್ ಮ್ಯಾಕ್ ಇಟ್ಟುಕೊಂಡವರು ಸಿಸ್ಟಮ್ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ 'ಲಾಗಿನ್ ಐಟಮ್ಸ್' ನೋಡಿ ಅಲ್ಲಿಂದ ತೆಗೆಯಬಹುದು. ಮೊಬೈಲಿನ ಟೀಮ್ಸ್‌ಗೂ ಈ ಕ್ಲಾಸಿಕ್ ಗೊಂದಲಕ್ಕೂ ಸಂಬಂಧವಿಲ್ಲ. ಅದನ್ನು ಪ್ಲೇಸ್ಟೋರ್‌ನಲ್ಲಿ ಅಪ್‌ಡೇಟ್ ಮಾಡಿಕೊಂಡಿದ್ದರೆ ಸಾಕು, ಕಂಪ್ಯೂಟರ್ ರಿಪೇರಿ ಮುಗಿಯುವವರೆಗೆ ಹಾಜರಿಯ ಹಸಿರು ಚುಕ್ಕೆಗೂ ಅದೇ ಆಸರೆ.